ಯುದ್ಧದ ಪಾಠ ಮತ್ತು ಹದಿಹರೆಯದ ಓದುಗ: ಅಮೆರಿಕದ ಕೆಲವು ಇತಿಹಾಸ ಪುಸ್ತಕಗಳಿಂದ ನಾವು ಕಲಿಯಬಹುದಾದದ್ದು

ಬೋಧನಾಭ್ಯಾಸದ ಮೂರನೇ ವಾರದಲ್ಲಿ ನನಗೆ ಸಿಕ್ಕ ಒಂದು ಬದಲಿ ಪೀರಿಯಡ್‌ನಿಂದ ಈ ಲೇಖನ ಹುಟ್ಟಿತು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಅಂದು ಸಮಾಜ ವಿಜ್ಞಾನದ ಶಿಕ್ಷಕರು ಚುನಾವಣಾ ತರಬೇತಿಗೆ ಹೋಗಿದ್ದರು. ಹತ್ತನೇ ತರಗತಿಗೆ ಎರಡನೇ ಮಹಾಯುದ್ಧದ ಪಾಠ ಅರ್ಧಕ್ಕೆ ನಿಂತಿತ್ತು. "ಬಾಂಬಿನ ವಿಷಯ ಬರುತ್ತಲ್ಲಮ್ಮ, ಸೈನ್ಸಿನವರು ನೀವೇ ತಗೊಳ್ಳಿ" ಎಂದು ಮುಖ್ಯ ಶಿಕ್ಷಕರು ಕಳುಹಿಸಿದರು.

ನಾನು ಉತ್ಸಾಹದಿಂದಲೇ ಹೋದೆ. ಕಪ್ಪುಹಲಗೆಯ ಮೇಲೆ ಒಂದು ನ್ಯೂಟ್ರಾನ್, ಅದರಿಂದ ಮೂರು, ಮೂರರಿಂದ ಒಂಬತ್ತು, ಒಂಬತ್ತರಿಂದ ಇಪ್ಪತ್ತೇಳು ಎಂದು ಸರಪಳಿ ಕ್ರಿಯೆಯ ಚಿತ್ರ ಬರೆದೆ. ಕೊನೆಗೆ 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬ್ ಬಿದ್ದದ್ದನ್ನು ಕೈ ಮೇಲೆತ್ತಿ, ಸದ್ದು ಮಾಡಿ ತೋರಿಸಿದೆ. ಹಿಂದಿನ ಬೆಂಚಿನಿಂದ "ಸೂಪರ್ ಮಿಸ್!" ಎಂಬ ಕೂಗು ಬಂತು. ನಾಲ್ಕಾರು ಹುಡುಗರು ಚಪ್ಪಾಳೆ ತಟ್ಟಿದರು. ಎರಡನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ಕೈ ಎತ್ತಿ ಕೇಳಿದಳು: "ಅಷ್ಟು ಜನ ಸತ್ತರು ಅಂದ್ರಲ್ಲ ಮಿಸ್, ಯಾರು ಎಣಿಸಿದರು? ನಮಗೆ ಹೇಗೆ ಗೊತ್ತು?"

"ಪುಸ್ತಕದಲ್ಲಿದೆ" ಎಂದೆ. ಗಂಟೆ ಹೊಡೆಯಿತು.

ವೀಕ್ಷಣೆಗೆ ಕುಳಿತಿದ್ದ ಸಹ ಪ್ರಶಿಕ್ಷಣಾರ್ಥಿ ನನ್ನ ಪುಸ್ತಕದಲ್ಲಿ ಬರೆದದ್ದು: "ವಿದ್ಯಾರ್ಥಿಗಳ ಭಾಗವಹಿಸುವಿಕೆ ಅತ್ಯುತ್ತಮ." ಆ ಸಾಲು ಓದಿ ನನಗೆ ಸಂತೋಷವಾಗಲಿಲ್ಲ. ಭಾಗವಹಿಸಿದ್ದು ಚಪ್ಪಾಳೆ. ಒಂದು ಊರು ಸುಟ್ಟುಹೋದದ್ದನ್ನು ನಾನು ಸಿನಿಮಾದ ದೃಶ್ಯದಂತೆ ಹೇಳಿದ್ದೆ. ಒಳ್ಳೆಯ ಪ್ರಶ್ನೆ ಕೇಳಿದ ಒಬ್ಬಳಿಗೆ ಉತ್ತರವನ್ನೇ ಕೊಟ್ಟಿರಲಿಲ್ಲ.

ಅದೇ ತಿಂಗಳು ಅಮೆರಿಕದಲ್ಲಿ ನೆಲೆಸಿರುವ ನನ್ನ ದೊಡ್ಡಮ್ಮನ ಮಗಳು ರಜೆಗೆ ಊರಿಗೆ ಬಂದಿದ್ದಳು. ಅವಳ ಹದಿಮೂರು ವರ್ಷದ ಮಗ ಓದಿ ಮುಗಿಸಿದ ಪುಸ್ತಕವೊಂದನ್ನು "ನೀನು ಫಿಸಿಕ್ಸ್ ಅಲ್ವಾ ಚಿಕ್ಕಮ್ಮ" ಎಂದು ನನ್ನ ಕೈಗೆ ಕೊಟ್ಟ. ಸ್ಟೀವ್ ಶೀಂಕಿನ್ ಎಂಬವರು 2012ರಲ್ಲಿ ಬರೆದ 'ಬಾಂಬ್'. ಎರಡು ರಾತ್ರಿಯಲ್ಲಿ ಓದಿದೆ. ಅಲ್ಲಿಂದ ಮುಂದೆ ಹಳೇ ಪುಸ್ತಕದ ಅಂಗಡಿಗಳಲ್ಲಿ, ಪರಿಚಿತರ ಕಪಾಟುಗಳಲ್ಲಿ ಇದೇ ಜಾತಿಯ ಇನ್ನಷ್ಟನ್ನು ಹುಡುಕಿದೆ. ಹದಿಹರೆಯದವರಿಗೆ ಯುದ್ಧವನ್ನು ಹೇಳುವುದು ಹೇಗೆ ಎಂಬ ಪ್ರಶ್ನೆಗೆ ಈ ಪುಸ್ತಕಗಳು ಏನು ಉತ್ತರ ಕೊಡುತ್ತವೆ, ಎಲ್ಲಿ ಸೋಲುತ್ತವೆ, ಪ್ರಶಿಕ್ಷಣಾರ್ಥಿಗಳಾದ ನಮಗೆ ಅವುಗಳಿಂದ ಏನು ಉಪಯೋಗ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಇವು ಯಾವ ಬಗೆಯ ಪುಸ್ತಕಗಳು?

ನಮ್ಮಲ್ಲಿ ಮಕ್ಕಳ ಇತಿಹಾಸ ಎಂದರೆ ಒಂದು ಕಡೆ ಪಠ್ಯಪುಸ್ತಕ, ಇನ್ನೊಂದು ಕಡೆ ಚಿತ್ರಕಥೆ ಅಥವಾ ಮಹನೀಯರ ಕಿರುಜೀವನಚರಿತ್ರೆ. ಇವೆರಡರ ನಡುವೆ, ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆಂದೇ ಬರೆದ, ಇನ್ನೂರು ಮುನ್ನೂರು ಪುಟಗಳ, ಕಲ್ಪನೆ ಬೆರೆಸದ ಇತಿಹಾಸ ಗ್ರಂಥಗಳ ದೊಡ್ಡ ಸಾಲೇ ಅಮೆರಿಕದಲ್ಲಿದೆ. ಮಕ್ಕಳ ಸಾಹಿತ್ಯಕ್ಕೆ ಅಲ್ಲಿ ಕೊಡುವ ನ್ಯೂಬೆರಿ ಪದಕ 1922ರಲ್ಲಿ ಆರಂಭವಾದಾಗ ಮೊದಲ ಬಾರಿಗೆ ಸಂದದ್ದೇ ಮನುಕುಲದ ಚರಿತ್ರೆಯನ್ನು ಹೇಳುವ ಒಂದು ಪುಸ್ತಕಕ್ಕೆ. 1950ರಲ್ಲಿ ರ‍್ಯಾಂಡಮ್ ಹೌಸ್ ಪ್ರಕಾಶನವು 'ಲ್ಯಾಂಡ್‌ಮಾರ್ಕ್' ಮಾಲೆಯನ್ನು ಆರಂಭಿಸಿ ಹೆಸರಾಂತ ಪತ್ರಕರ್ತರಿಂದಲೂ ಲೇಖಕರಿಂದಲೂ ಮಕ್ಕಳಿಗೆ ಇತಿಹಾಸ ಬರೆಸಿತು. 1988ರಲ್ಲಿ ರಸೆಲ್ ಫ್ರೀಡ್‌ಮನ್ ಅವರ, ಛಾಯಾಚಿತ್ರಗಳ ಮೂಲಕ ಲಿಂಕನ್ ಜೀವನವನ್ನು ಹೇಳುವ ಪುಸ್ತಕಕ್ಕೆ ಅದೇ ನ್ಯೂಬೆರಿ ಪದಕ ಬಂತು.

ಈ ಸಾಲಿನಲ್ಲಿ ಯುದ್ಧಗಳಿಗೆ ದೊಡ್ಡ ಪಾಲಿದೆ. 1775ರಲ್ಲಿ ಆರಂಭವಾದ ಸ್ವಾತಂತ್ರ್ಯ ಸಂಗ್ರಾಮ, 1861ರಿಂದ 1865ರವರೆಗಿನ ಅಂತರ್ಯುದ್ಧ, ಎರಡು ಮಹಾಯುದ್ಧಗಳು, ವಿಯೆಟ್ನಾಂ ಯುದ್ಧ, ಹೀಗೆ. ಕಾರಣ ಸುಲಭ. ಯುದ್ಧ ಎಂದರೆ ಹುಡುಗರು ಪುಸ್ತಕ ಎತ್ತಿಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ಚಪ್ಪಾಳೆ ಬಿದ್ದದ್ದೂ ಅದೇ ಕಾರಣಕ್ಕೆ. ಒಳ್ಳೆಯ ಲೇಖಕರು ಈ ಆಕರ್ಷಣೆಯನ್ನು ಬಳಸಿಕೊಳ್ಳುತ್ತಾರೆ, ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಅವರು ಓದುಗನನ್ನು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನು ನಾಲ್ಕು ಪ್ರಶ್ನೆಗಳ ಮೂಲಕ ನೋಡೋಣ.

ಒಂದನೇ ಪ್ರಶ್ನೆ: ಯಾರ ಕಣ್ಣಿನಿಂದ?

ಅಂತರ್ಯುದ್ಧವನ್ನು ಅಧ್ಯಕ್ಷ ಲಿಂಕನ್, ಸೇನಾಪತಿ ಗ್ರಾಂಟ್, ಸೇನಾಪತಿ ಲೀ ಇವರ ಮೂಲಕ ಹೇಳುವುದು ವಾಡಿಕೆ. ಜಿಮ್ ಮರ್ಫಿ 1990ರಲ್ಲಿ ಪ್ರಕಟಿಸಿದ 'ದಿ ಬಾಯ್ಸ್ ವಾರ್' ಪುಸ್ತಕ ಅದೇ ಯುದ್ಧವನ್ನು ಹದಿನೆಂಟು ತುಂಬದೆಯೇ ಸೇನೆಗೆ ಸೇರಿದ ಹುಡುಗರ ಕಾಗದ, ದಿನಚರಿ, ನೆನಪುಗಳ ಮೂಲಕ ಹೇಳುತ್ತದೆ. ಉತ್ತರದವರೂ ಇದ್ದಾರೆ, ದಕ್ಷಿಣದವರೂ ಇದ್ದಾರೆ.

ಅವರಲ್ಲಿ ಒಬ್ಬ ವಿಸ್ಕಾನ್ಸಿನ್ ರಾಜ್ಯದ ಎಲಿಶಾ ಸ್ಟಾಕ್‌ವೆಲ್. ಹದಿನೈದರ ಹುಡುಗ. ಮೊದಲ ಸಲ ಹೆಸರು ಬರೆಸಿದಾಗ ಅಪ್ಪ ಹೊಡೆದುಹಾಕಿಸಿದ. ಇನ್ನೊಮ್ಮೆ, ಪೇಟೆಗೆ ಹೋಗಿಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಹೊರಟವನು ಮನೆಗೆ ಮರಳಿದ್ದು ಎರಡು ವರ್ಷದ ಮೇಲೆ. 1862ರ ಏಪ್ರಿಲ್‌ನಲ್ಲಿ ಶೈಲೋ ಎಂಬಲ್ಲಿ ನಡೆದ ಭೀಕರ ಕಾಳಗದಲ್ಲಿ ಅವನಿದ್ದ. ಸಾಹಸಕ್ಕೆಂದು ಮನೆಬಿಟ್ಟವನಿಗೆ ಅಲ್ಲಿ ನೆನಪಾದದ್ದು ಮನೆಯೇ.

ಈ ಪುಸ್ತಕದಲ್ಲಿ ಗುಂಡಿನ ಸದ್ದಿಗಿಂತ ಹಸಿವು, ಕೆಸರು, ಭೇದಿ, ಬೇಸರ ಹೆಚ್ಚು. ಅದು ಇತಿಹಾಸಕ್ಕೂ ಸರಿಯಾಗಿದೆ. ಆ ಯುದ್ಧದಲ್ಲಿ ಸತ್ತ ಆರು ಲಕ್ಷಕ್ಕೂ ಹೆಚ್ಚು ಸೈನಿಕರಲ್ಲಿ ಗುಂಡಿಗೆ ಬಿದ್ದವರಿಗಿಂತ ರೋಗಕ್ಕೆ ಬಿದ್ದವರೇ ಹೆಚ್ಚು. ಈ ಮಾತನ್ನು ವಾಕ್ಯವಾಗಿ ಹೇಳಿದರೆ ವಿದ್ಯಾರ್ಥಿ ಪರೀಕ್ಷೆಗೆ ಬರೆಯುತ್ತಾನೆ. ತನ್ನದೇ ವಯಸ್ಸಿನ ಒಬ್ಬ, ಕಲುಷಿತ ನೀರು ಕುಡಿದು ನರಳಿದ್ದನ್ನು ತನ್ನದೇ ಮಾತಿನಲ್ಲಿ ಹೇಳಿದರೆ ನಂಬುತ್ತಾನೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕಣ್ಣಾರೆ ಕಂಡವರ ಸಾಕ್ಷ್ಯ ಎಂದರೆ ಅದೇ ಅಂತಿಮವಲ್ಲ. ಕೆಲವರು ನೆನಪುಗಳನ್ನು ಬರೆದದ್ದು ಮುಪ್ಪಿನಲ್ಲಿ. ಛಾಯಾಚಿತ್ರಗಳೂ ಸುಳ್ಳು ಹೇಳಬಲ್ಲವು. 1863ರ ಗೆಟಿಸ್‌ಬರ್ಗ್ ಕಾಳಗದ ನಂತರ ಅಲೆಗ್ಸಾಂಡರ್ ಗಾರ್ಡ್ನರ್ ಪ್ರಕಟಿಸಿದ, ಬಂಡೆಗಳ ಸಂದಿಯಲ್ಲಿ ಸತ್ತು ಬಿದ್ದ ಬಂದೂಕುಗಾರನ ಪ್ರಸಿದ್ಧ ಚಿತ್ರವಿದೆ. ಅದೇ ದೇಹ ಬೇರೊಂದು ಜಾಗದಲ್ಲಿ ಬಿದ್ದಿರುವ ಚಿತ್ರಗಳೂ ಇವೆ ಎಂಬುದನ್ನು ಸಂಶೋಧಕರು ನೂರಕ್ಕೂ ಹೆಚ್ಚು ವರ್ಷಗಳ ನಂತರ ಗುರುತಿಸಿದರು. ಚಿತ್ರ ಚೆನ್ನಾಗಿ ಬರಲೆಂದು ದೇಹವನ್ನು ಹೊತ್ತು ತಂದು ಇಡಲಾಗಿತ್ತು. ಚಿತ್ರಗಳನ್ನು ಹೋಲಿಸಿ ಇದನ್ನು ಪತ್ತೆ ಮಾಡಿದ ಬಗೆ ವಿಜ್ಞಾನದ ವಿದ್ಯಾರ್ಥಿಗಳಾದ ನಮಗೆ ಪರಿಚಿತವೇ: ಒಂದೇ ವಸ್ತುವಿನ ಎರಡು ವೀಕ್ಷಣೆಗಳು ಹೊಂದಬೇಕು, ಹೊಂದದಿದ್ದರೆ ಕಾರಣ ಹುಡುಕಬೇಕು.

ಎರಡನೇ ಪ್ರಶ್ನೆ: ಯಾವಾಗ ಬರೆದದ್ದು?

ಯುದ್ಧ ನಡೆದ ವರ್ಷವನ್ನು ನಾವು ಬಾಯಿಪಾಠ ಮಾಡಿಸುತ್ತೇವೆ. ಆ ಯುದ್ಧದ ಬಗ್ಗೆ ಪುಸ್ತಕ ಬರೆದ ವರ್ಷವನ್ನು ಕೇಳುವುದಿಲ್ಲ. ಇದು ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದ ಶಾಲೆಗಳಲ್ಲಿ ದಶಕಗಳ ಕಾಲ ಓದಿಸಿದ ಎರಡು ಪುಸ್ತಕಗಳು ಉದಾಹರಣೆ. ಇವು ಐತಿಹಾಸಿಕ ಕಾದಂಬರಿಗಳು, ಶುದ್ಧ ಇತಿಹಾಸವಲ್ಲ. ಆದರೆ ಸ್ವಾತಂತ್ರ್ಯ ಸಂಗ್ರಾಮದ ಬಗ್ಗೆ ಅಲ್ಲಿನ ಬಹಳಷ್ಟು ಮಕ್ಕಳ ತಿಳಿವಳಿಕೆ ರೂಪುಗೊಂಡದ್ದು ಇವುಗಳಿಂದ.

ಮೊದಲನೆಯದು ಎಸ್ತರ್ ಫೋರ್ಬ್ಸ್ ಅವರ 'ಜಾನಿ ಟ್ರೆಮೇನ್', 1943ರದು. ಬಾಸ್ಟನ್ನಿನ ಅಕ್ಕಸಾಲಿಗನೊಬ್ಬನ ಬಳಿ ಕೆಲಸ ಕಲಿಯುವ ಹುಡುಗ ಜಾನಿ. ಕಾದ ಬೆಳ್ಳಿ ಬಿದ್ದು ಕೈ ಸುಟ್ಟುಕೊಂಡು ಕಸುಬು ಕಳೆದುಕೊಳ್ಳುತ್ತಾನೆ. ಬ್ರಿಟಿಷರ ವಿರುದ್ಧದ ಚಳವಳಿಗೆ ಸೇರುತ್ತಾನೆ, 1773ರಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆಯುವಲ್ಲಿ ಕೈಜೋಡಿಸುತ್ತಾನೆ. ಅವನ ಗೆಳೆಯ ಯುದ್ಧದ ಮೊದಲ ಕಾಳಗದಲ್ಲೇ ಪ್ರಾಣ ಕೊಡುತ್ತಾನೆ. ನೋವಿದೆ, ಆದರೆ ಆ ಸಾವಿಗೆ ಅರ್ಥವಿದೆ ಎಂಬ ನಂಬಿಕೆ ಪುಸ್ತಕದ ತುಂಬ ಇದೆ. ಇದು ಬಂದಾಗ ಅಮೆರಿಕ ಎರಡನೇ ಮಹಾಯುದ್ಧದಲ್ಲಿ ತೊಡಗಿ ಎರಡು ವರ್ಷವೂ ಆಗಿರಲಿಲ್ಲ. ಹದಿನೆಂಟರ ಹುಡುಗರು ಸೇನೆಗೆ ಹೋಗುತ್ತಿದ್ದ ಕಾಲ ಅದು.

ಎರಡನೆಯದು 1974ರಲ್ಲಿ ಬಂದ 'ಮೈ ಬ್ರದರ್ ಸ್ಯಾಮ್ ಈಸ್ ಡೆಡ್'. ಬರೆದವರು ಕಾಲಿಯರ್ ಸಹೋದರರು. ಜೇಮ್ಸ್ ಲೇಖಕ, ಕ್ರಿಸ್ಟೋಫರ್ ಇತಿಹಾಸದ ಪ್ರಾಧ್ಯಾಪಕ. ಅದೇ ಸ್ವಾತಂತ್ರ್ಯ ಸಂಗ್ರಾಮ. ಕನೆಕ್ಟಿಕಟ್‌ನ ರೆಡ್ಡಿಂಗ್ ಎಂಬ ಊರಿನ ಒಂದು ಕುಟುಂಬ. ಹಿರಿಯ ಮಗ ಸ್ಯಾಮ್ ಓದು ಬಿಟ್ಟು ಬಂಡಾಯಗಾರರ ಸೇನೆ ಸೇರುತ್ತಾನೆ. ಅಪ್ಪನಿಗೆ ಯುದ್ಧವೇ ಬೇಡ. ಆದರೂ ಅಪ್ಪ ಬ್ರಿಟಿಷರ ಸೆರೆ ಹಡಗಿನಲ್ಲಿ ಸಾಯುತ್ತಾನೆ. ಸ್ಯಾಮ್ ಸಾಯುವುದು ಶತ್ರುವಿನ ಕೈಯಲ್ಲಲ್ಲ. ತಾನು ಮಾಡದ ದನಗಳ್ಳತನದ ಆರೋಪದಲ್ಲಿ ಅವನದೇ ಸೇನೆ ಅವನಿಗೆ ಮರಣದಂಡನೆ ಕೊಡುತ್ತದೆ. ಕಥೆ ಹೇಳುವ ತಮ್ಮ ಟಿಮ್, ಯುದ್ಧವಿಲ್ಲದೆಯೂ ಸ್ವಾತಂತ್ರ್ಯ ಸಿಗಬಹುದಿತ್ತೇ ಎಂದು ಮುಪ್ಪಿನಲ್ಲೂ ಯೋಚಿಸುತ್ತಾನೆ. ಈ ಪುಸ್ತಕ ಬರುವ ಹಿಂದಿನ ವರ್ಷವಷ್ಟೇ ಅಮೆರಿಕದ ಸೇನೆ ವಿಯೆಟ್ನಾಂನಿಂದ ವಾಪಸಾಗಿತ್ತು.

ಎರಡರಲ್ಲೂ ಘಟನೆಗಳ ಕಾಲ ಒಂದೇ, ಶತ್ರು ಒಂದೇ. ಬದಲಾದದ್ದು ಬರೆದವರು ನಿಂತ ಜಾಗ. ಎರಡನೆಯ ಪುಸ್ತಕವನ್ನು ಶಾಲೆಗಳಿಂದ ತೆಗೆಯಬೇಕೆಂದು ಅಲ್ಲಿ ಅನೇಕ ಕಡೆ ಪೋಷಕರು ಒತ್ತಾಯಿಸಿದರು. ಅಮೆರಿಕದ ಗ್ರಂಥಾಲಯ ಸಂಘವು ಪ್ರಕಟಿಸಿದ, 1990ರ ದಶಕದಲ್ಲಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಇದೂ ಇದೆ. ಒಂದನ್ನು ಓದಿದ ವಿದ್ಯಾರ್ಥಿಗೆ ಯುದ್ಧದ ಒಂದು ಚಿತ್ರ ಸಿಗುತ್ತದೆ. ಎರಡನ್ನೂ ಓದಿದವನಿಗೆ, ಇತಿಹಾಸವನ್ನು ಯಾರೋ ಒಂದು ಕಾಲದಲ್ಲಿ ಕುಳಿತು ಬರೆಯುತ್ತಾರೆ ಎಂಬುದು ತಿಳಿಯುತ್ತದೆ.

ಮೂರನೇ ಪ್ರಶ್ನೆ: ಬಿಟ್ಟುಹೋದವರು ಯಾರು?

ಈಗ ನನ್ನ ಕೈಗೆ ಮೊದಲು ಬಂದ 'ಬಾಂಬ್' ಪುಸ್ತಕಕ್ಕೆ ಬರೋಣ. ಶೀಂಕಿನ್ ಹಿಂದೆ ಶಾಲಾ ಪಠ್ಯಪುಸ್ತಕಗಳನ್ನು ಬರೆಯುತ್ತಿದ್ದವರು. ಪಠ್ಯದಲ್ಲಿ ಏನು ಇರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಪುಸ್ತಕ ಆರಂಭವಾಗುವುದು ಪ್ರಯೋಗಶಾಲೆಯಲ್ಲಲ್ಲ. 1950ರಲ್ಲಿ ಹ್ಯಾರಿ ಗೋಲ್ಡ್ ಎಂಬ ರಸಾಯನಶಾಸ್ತ್ರಜ್ಞನ ಮನೆಗೆ ತನಿಖಾಧಿಕಾರಿಗಳು ಬರುವ ಹೊತ್ತಿಗೆ ಅವನು ಸಾಕ್ಷ್ಯದ ಕಾಗದಗಳನ್ನು ನಾಶಮಾಡುತ್ತಿರುವ ದೃಶ್ಯದಿಂದ. ಹದಿಮೂರರ ಹುಡುಗ ಅಲ್ಲಿಂದ ಪುಸ್ತಕ ಕೆಳಗಿಡುವುದಿಲ್ಲ.

ಆಮೇಲೆ ವಿಜ್ಞಾನ ಬರುತ್ತದೆ. 1938ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಮೇಲೆ ಮಾಡಿದ ಪ್ರಯೋಗ, ದೇಶ ಬಿಟ್ಟು ಸ್ವೀಡನ್ನಿನಲ್ಲಿದ್ದ ಲೀಸ್ ಮೈಟ್ನರ್ ಮತ್ತು ಅವಳ ಅಕ್ಕನ ಮಗ ಫ್ರಿಶ್ ಅದಕ್ಕೆ ಕೊಟ್ಟ ವಿವರಣೆ, 1939ರ ಆಗಸ್ಟ್‌ನಲ್ಲಿ ಐನ್‌ಸ್ಟೈನ್ ಸಹಿ ಮಾಡಿದ ಪತ್ರ, ನಾರ್ವೆಯ ಭಾರಜಲ ಕಾರ್ಖಾನೆಗೆ ಅಲ್ಲಿನ ಯುವಕರು ಹಿಮದಲ್ಲಿ ನುಗ್ಗಿ ಮಾಡಿದ ವಿಧ್ವಂಸ, ಓಪನ್‌ಹೈಮರ್ ನೇತೃತ್ವದ ಲಾಸ್ ಅಲಮೋಸ್, 1945ರ ಜುಲೈ 16ರ ಮೊದಲ ಪರೀಕ್ಷಾ ಸ್ಫೋಟ. ಜೊತೆಗೆ ಟೆಡ್ ಹಾಲ್: ಹದಿನೆಂಟನೇ ವಯಸ್ಸಿನಲ್ಲಿ ಲಾಸ್ ಅಲಮೋಸ್‌ಗೆ ಬಂದು, ಹತ್ತೊಂಬತ್ತಕ್ಕೆ ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಕೊಟ್ಟ ಭೌತವಿಜ್ಞಾನಿ. ಒಂದೇ ದೇಶದ ಕೈಯಲ್ಲಿ ಇಂಥ ಅಸ್ತ್ರ ಇರಬಾರದು ಎಂಬುದು ಅವನ ವಾದ. ಅವನು ಮಾಡಿದ್ದು ಸರಿಯೇ ಎಂಬುದನ್ನು ಶೀಂಕಿನ್ ತೀರ್ಮಾನಿಸದೆ ಓದುಗನಿಗೆ ಬಿಡುತ್ತಾರೆ.

ಆದರೂ ಈ ಪುಸ್ತಕದಲ್ಲಿ ಒಂದು ಕೊರತೆ ನನಗೆ ಕಂಡಿತು. ಓಟ ಯಾರದು ಎಂಬುದರಲ್ಲೇ ಕಥೆಯ ಬಿಗಿ ಇರುವುದರಿಂದ, ಬಾಂಬ್ ಯಾರ ಮೇಲೆ ಬಿತ್ತೋ ಅವರಿಗೆ ಸಿಗುವ ಪುಟಗಳು ಕಡಿಮೆ. ನನ್ನ ಕಪ್ಪುಹಲಗೆಯ ಪಾಠದ ದೋಷವೂ ಇದೇ ಆಗಿತ್ತು. ಆದ್ದರಿಂದ 'ಬಾಂಬ್' ಓದಿದವರು ಅದರ ಪಕ್ಕದಲ್ಲಿ ಕ್ಯಾರನ್ ಸ್ಟೆಲ್ಸನ್ 2016ರಲ್ಲಿ ಬರೆದ 'ಸಚಿಕೊ' ಓದಬೇಕು ಎಂಬುದು ನನ್ನ ಅಭಿಪ್ರಾಯ. 1945ರ ಆಗಸ್ಟ್ 9ರಂದು ನಾಗಸಾಕಿಯಲ್ಲಿದ್ದ ಆರು ವರ್ಷದ ಸಚಿಕೊ ಯಾಸುಯಿ ಬದುಕುಳಿದು, ಒಬ್ಬೊಬ್ಬರಾಗಿ ಮನೆಯವರನ್ನು ಕಳೆದುಕೊಂಡ ಕಥೆ ಅದು. ಬರೆದವರು ಅಮೆರಿಕದವರೇ, ಓದುಗರೂ ಅಮೆರಿಕದ ಮಕ್ಕಳೇ. ಬಾಂಬ್ ಹಾಕಿದ ದೇಶದ ಮಕ್ಕಳ ಕೈಗೆ ಆ ಪುಸ್ತಕ ಕೊಟ್ಟದ್ದೇ ದೊಡ್ಡ ಮಾತು.

ಬಿಟ್ಟುಹೋದವರು ಶತ್ರುಪಕ್ಷದಲ್ಲಿ ಮಾತ್ರ ಇರುವುದಿಲ್ಲ. ಶೀಂಕಿನ್ ಅವರದೇ 'ದಿ ಪೋರ್ಟ್ ಶಿಕಾಗೊ 50', 2014ರದು. 1944ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಒಂದು ನೌಕಾ ಬಂದರಿನಲ್ಲಿ ಹಡಗಿಗೆ ಮದ್ದುಗುಂಡು ತುಂಬುವಾಗ ಸ್ಫೋಟವಾಗಿ 320 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ನಾವಿಕರು. ಆ ಕೆಲಸಕ್ಕೆ ಹಚ್ಚುತ್ತಿದ್ದದ್ದೂ ಅವರನ್ನೇ, ಅದೂ ಸರಿಯಾದ ತರಬೇತಿ ಇಲ್ಲದೆ. ಕೆಲವೇ ವಾರಗಳಲ್ಲಿ ಅದೇ ಕೆಲಸಕ್ಕೆ ಮತ್ತೆ ಹೋಗಿ ಎಂದಾಗ ಒಪ್ಪದ 50 ಮಂದಿಯ ಮೇಲೆ ದಂಗೆಯ ಆರೋಪ ಹೊರಿಸಿ ಶಿಕ್ಷೆ ಕೊಟ್ಟರು. ಅಮೆರಿಕದ ನೌಕಾಪಡೆ ಅವರನ್ನು ದೋಷಮುಕ್ತಗೊಳಿಸಿದ್ದು 2024ರ ಜುಲೈನಲ್ಲಿ, ಸ್ಫೋಟವಾಗಿ 80 ವರ್ಷ ತುಂಬಿದ ದಿನ.

ನಾಲ್ಕನೇ ಪ್ರಶ್ನೆ: ನಮಗೆ ಹೇಗೆ ಗೊತ್ತು?

ಎರಡನೇ ಬೆಂಚಿನ ಹುಡುಗಿಯ ಪ್ರಶ್ನೆ ಇದೇ. ಒಳ್ಳೆಯ ಯುದ್ಧಚರಿತ್ರೆಗಳ ಕೊನೆಯ ಮೂವತ್ತು ನಲವತ್ತು ಪುಟಗಳು ಈ ಪ್ರಶ್ನೆಗೆ ಉತ್ತರ. ಯಾವ ಮಾತು ಯಾವ ಪತ್ರದಿಂದ, ಯಾವ ಸಂದರ್ಶನದಿಂದ, ಯಾವ ಸರ್ಕಾರಿ ಕಡತದಿಂದ ಬಂತು ಎಂದು ಅಲ್ಲಿ ಪಟ್ಟಿ ಇರುತ್ತದೆ. ನನಗೆ ಅದನ್ನು ನೋಡಿದಾಗ ನಮ್ಮ ಪ್ರಯೋಗ ದಾಖಲೆ ಪುಸ್ತಕದ ವೀಕ್ಷಣಾ ಕೋಷ್ಟಕ ನೆನಪಾಯಿತು. ಕೋಷ್ಟಕ ಇಲ್ಲದೆ ಫಲಿತಾಂಶ ಮಾತ್ರ ಬರೆದ ಪ್ರಯೋಗಕ್ಕೆ ನಮ್ಮ ಉಪನ್ಯಾಸಕರು ಸಹಿ ಹಾಕುವುದಿಲ್ಲ. ಯುದ್ಧದ ಪಾಠಕ್ಕೆ ನಾವು ಸುಲಭವಾಗಿ ಸಹಿ ಹಾಕಿಬಿಡುತ್ತೇವೆ.

ಈ ಪ್ರಶ್ನೆಯನ್ನೇ ಕಥೆಯ ಕೇಂದ್ರಕ್ಕೆ ತಂದ ಪುಸ್ತಕ ಶೀಂಕಿನ್ ಅವರ 'ಮೋಸ್ಟ್ ಡೇಂಜರಸ್', 2015ರದು. ಇದು ಡೇನಿಯಲ್ ಎಲ್ಸ್‌ಬರ್ಗ್ ಮತ್ತು ವಿಯೆಟ್ನಾಂ ಯುದ್ಧದ ಕಥೆ. ಎಲ್ಸ್‌ಬರ್ಗ್ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ, ಅಂದರೆ 1964ರ ಆಗಸ್ಟ್ 4ರಂದು, ಟೊಂಕಿನ್ ಕೊಲ್ಲಿಯಿಂದ ತುರ್ತು ಸಂದೇಶಗಳು ಬರತೊಡಗಿದವು. ಎರಡು ದಿನ ಹಿಂದೆ ಉತ್ತರ ವಿಯೆಟ್ನಾಂನ ದೋಣಿಗಳು ಅಮೆರಿಕದ ಯುದ್ಧನೌಕೆಯೊಂದರ ಮೇಲೆ ದಾಳಿ ಮಾಡಿದ್ದು ನಿಜ. ಈಗ ಎರಡನೇ ದಾಳಿ ನಡೆಯುತ್ತಿದೆ ಎಂಬುದು ಸಂದೇಶ. ರಾತ್ರಿಯ ಕತ್ತಲು, ಕೆಟ್ಟ ಹವೆ. ನಾವಿಕರು ನೀರಿನಡಿಯ ಸದ್ದನ್ನು ಹಿಡಿಯುವ ಸೋನಾರ್ ಯಂತ್ರದಲ್ಲಿ ಟಾರ್ಪಿಡೊಗಳ ಸದ್ದು ಕೇಳುತ್ತಿದ್ದಾರೆ. ಆದರೆ ಕೆಲವು ಗಂಟೆಗಳಲ್ಲೇ ಅಲ್ಲಿದ್ದ ಕ್ಯಾಪ್ಟನ್ ಮತ್ತೊಂದು ಸಂದೇಶ ಕಳುಹಿಸಿದ: ಹವೆಯ ವಿಕಾರದಿಂದಲೂ ಸೋನಾರ್ ಕೇಳುವವರ ಅತ್ಯುತ್ಸಾಹದಿಂದಲೂ ತಪ್ಪು ವರದಿಗಳು ಬಂದಿರಬಹುದು, ಮುಂದಿನ ಕ್ರಮಕ್ಕೆ ಮೊದಲು ಪೂರ್ತಿ ಪರಿಶೀಲಿಸುವುದು ಒಳ್ಳೆಯದು ಎಂಬುದು ಅದರ ತಾತ್ಪರ್ಯ.

ಪರಿಶೀಲನೆಗೆ ಯಾರೂ ಕಾಯಲಿಲ್ಲ. ಅದೇ ರಾತ್ರಿ ಅಧ್ಯಕ್ಷ ಜಾನ್ಸನ್ ವಿಮಾನ ದಾಳಿಗೆ ಆದೇಶಿಸಿದರು. ಆಗಸ್ಟ್ 7ರಂದು ಅಮೆರಿಕದ ಸಂಸತ್ತು ಅಧ್ಯಕ್ಷರಿಗೆ ಯುದ್ಧ ವಿಸ್ತರಿಸುವ ಅಧಿಕಾರ ಕೊಟ್ಟಿತು. ಕೆಳಮನೆಯಲ್ಲಿ 416 ಮತ, ವಿರೋಧ ಒಂದೂ ಇಲ್ಲ. ಮೇಲ್ಮನೆಯಲ್ಲಿ 88 ಮತ, ವಿರೋಧ ಎರಡು. ಆ ಎರಡನೇ ದಾಳಿ ನಡೆದೇ ಇರಲಿಲ್ಲ ಎಂಬುದು ಈಗ ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವ ಮಾತು. ಮುಂದಿನ ವರ್ಷಗಳಲ್ಲಿ ಅಮೆರಿಕದ 58,000ಕ್ಕೂ ಹೆಚ್ಚು ಸೈನಿಕರು ಸತ್ತರು. ವಿಯೆಟ್ನಾಂನಲ್ಲಿ ಸತ್ತವರು ಅನೇಕ ಲಕ್ಷ. ಯುದ್ಧದ ಬಗ್ಗೆ ಸರ್ಕಾರ ಜನರಿಗೆ ಹೇಳಿದ್ದು ಒಂದು, ಒಳಗೆ ತಿಳಿದಿದ್ದದ್ದು ಇನ್ನೊಂದು ಎಂದು ತೋರಿಸುವ ಸುಮಾರು 7,000 ಪುಟಗಳ ರಹಸ್ಯ ಕಡತವನ್ನು ಎಲ್ಸ್‌ಬರ್ಗ್ ನಕಲು ಮಾಡಿ ಪತ್ರಿಕೆಗೆ ಕೊಟ್ಟರು. 1971ರ ಜೂನ್‌ನಲ್ಲಿ ಅದು ಅಚ್ಚಾಗತೊಡಗಿತು.

ನಾವು ಪ್ರಯೋಗಶಾಲೆಯಲ್ಲಿ ಉಪಕರಣದ ದೋಷ, ವೀಕ್ಷಕನ ದೋಷ ಎಂದು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಸುತ್ತೇವೆ. ಆ ದೋಷವನ್ನು ಪರಿಶೀಲಿಸದೆ ಮುಂದುವರಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಗಂಭೀರ ಉದಾಹರಣೆ ನನಗೆ ಯಾವ ಭೌತವಿಜ್ಞಾನದ ಪುಸ್ತಕದಲ್ಲೂ ಸಿಕ್ಕಿಲ್ಲ.

ತರಗತಿಗೆ ಮರಳಿ

ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು ಒಂದು ಶನಿವಾರ ಅದೇ ಹತ್ತನೇ ತರಗತಿಗೆ ಮತ್ತೆ ಹೋದೆ. ಈ ಪುಸ್ತಕಗಳೆಲ್ಲ ಇಂಗ್ಲಿಷಿನವು. ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಹಾಗೇ ಕೊಡುವಂತಿಲ್ಲ. ಬೇಕಾದ ಭಾಗಗಳ ಸಾರವನ್ನು ನನ್ನ ಮಾತಿನಲ್ಲಿ ಕನ್ನಡಕ್ಕೆ ಬರೆದು ಚೀಟಿಗಳನ್ನು ಮಾಡಿಕೊಂಡಿದ್ದೆ.

ಮೊದಲು ಬಾಕಿ ಉಳಿದಿದ್ದ ಉತ್ತರ. "ಹಿರೋಷಿಮಾದಲ್ಲಿ ಎಷ್ಟು ಜನ ಸತ್ತರು ಎಂಬುದು ಇಂದಿಗೂ ನಿಖರವಾಗಿ ಗೊತ್ತಿಲ್ಲ. ದಾಖಲೆಗಳೇ ಸುಟ್ಟುಹೋದವು, ಮನೆಮಂದಿಯೆಲ್ಲ ಸತ್ತಲ್ಲಿ ಹೆಸರು ಹೇಳುವವರೇ ಉಳಿಯಲಿಲ್ಲ. ಆ ನಗರದವರ ಅಂದಾಜು, 1945ರ ಕೊನೆಯವರೆಗೆ 1,40,000, ಹೆಚ್ಚುಕಡಿಮೆ 10,000" ಎಂದು ಹೇಳಿ ಕಪ್ಪುಹಲಗೆಯ ಮೇಲೆ ಆ ಸಂಖ್ಯೆಯನ್ನು ± ಚಿಹ್ನೆಯೊಡನೆ ಬರೆದೆ. ಆ ಚಿಹ್ನೆಯನ್ನು ಅವರು ಅಲ್ಲಿಯವರೆಗೆ ವರ್ಗ ಸಮೀಕರಣದ ಸೂತ್ರದಲ್ಲಿ ಮಾತ್ರ ಕಂಡಿದ್ದರು. ಇಲ್ಲಿ ಅದರ ಅರ್ಥ ಬೇರೆ, ಇದು ದೋಷಮಿತಿ ಎಂದು ವಿವರಿಸಿದೆ. ತುಸು ಹೊತ್ತಿನ ಮೇಲೆ ಆ ಹುಡುಗಿಯೇ ಹೇಳಿದಳು: "ಆ ಹೆಚ್ಚುಕಡಿಮೆ ಅನ್ನೋದೇ ನಮ್ಮ ಊರಿನ ಜನಕ್ಕಿಂತ ಜಾಸ್ತಿ ಆಯ್ತಲ್ಲ ಮಿಸ್." ಅಂದು ಹಿಂದಿನ ಬೆಂಚಿನಿಂದ ಚಪ್ಪಾಳೆ ಬರಲಿಲ್ಲ.

ಆಮೇಲೆ ಟೊಂಕಿನ್ ಕೊಲ್ಲಿ. ತರಗತಿಯನ್ನು ಸಂಸತ್ತು ಎಂದು ಮಾಡಿ, ಮೊದಲ ಚೀಟಿಯಲ್ಲಿ ದಾಳಿಯ ಸುದ್ದಿ ಮಾತ್ರ ಕೊಟ್ಟು ಮತ ಕೇಳಿದೆ. ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆದ್ದಿತು. ಎರಡನೇ ಚೀಟಿಯಲ್ಲಿ ಕ್ಯಾಪ್ಟನ್ನನ ಅನುಮಾನ ಓದಿಸಿ ಮತ್ತೆ ಮತ ಕೇಳಿದೆ. ಅರ್ಧದಷ್ಟು ಕೈಗಳು ಕೆಳಗಿಳಿದವು. ಕೈ ಇಳಿಸದ ಒಬ್ಬ ಹುಡುಗ ಎದ್ದು ನಿಂತು, "ನಿಜವಾಗಿ ದಾಳಿ ಆಗಿದ್ದಿದ್ದರೆ? ಪರೀಕ್ಷೆ ಮಾಡ್ತಾ ಕೂತರೆ ಹಡಗು ಮುಳುಗ್ತಿತ್ತು" ಎಂದ. ಒಪ್ಪಬೇಕಾದ ಮಾತೇ. ಅವನಿಗೆ ಉತ್ತರಿಸಲು ನಾನು ಬಾಯಿ ತೆರೆಯುವ ಮೊದಲೇ ಇಬ್ಬರು ಹುಡುಗಿಯರು ವಾದಕ್ಕೆ ನಿಂತರು: ಹಡಗನ್ನು ಕಾಪಾಡಿಕೊಳ್ಳುವುದು ಬೇರೆ, ಇನ್ನೊಂದು ದೇಶದ ಮೇಲೆ ಬಾಂಬ್ ಹಾಕುವುದು ಬೇರೆ ಎಂದು.

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ನನ್ನ ಚೀಟಿಗಳು ಉದ್ದವಾದವು, ನಿಧಾನವಾಗಿ ಓದುವವರು ಹಿಂದೆ ಬಿದ್ದರು. ಸಚಿಕೊಳ ಕಥೆಗೆ ಸಮಯವೇ ಸಿಗಲಿಲ್ಲ. ಬೆಲ್ ಆದ ಮೇಲೆ ಒಬ್ಬ ಬಂದು "ಆ ನ್ಯೂಟ್ರಾನ್ ಚಿತ್ರ ಇನ್ನೊಂದು ಸಲ ಬರೀರಿ ಮಿಸ್" ಎಂದ. ಬರೆದುಕೊಟ್ಟೆ. ಸರಪಳಿ ಕ್ರಿಯೆಯ ಕುತೂಹಲ ತಪ್ಪಲ್ಲ. ಅದು ಪಾಠದ ಕೊನೆಯಾಗಬಾರದು, ಅಷ್ಟೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಯುದ್ಧದ ಪಾಠ ಇತಿಹಾಸದವರಿಗೆ ಮಾತ್ರ ಬರುವುದಿಲ್ಲ. ವಿಜ್ಞಾನದಲ್ಲಿ ಪರಮಾಣು, ಭಾಷೆಯಲ್ಲಿ ಒಂದು ಕಥೆ, ನನ್ನಂತೆ ಒಂದು ಬದಲಿ ಪೀರಿಯಡ್, ಹೇಗಾದರೂ ಬಂದೇ ಬರುತ್ತದೆ. ಪಾಠಯೋಜನೆಯ ಬದಿಯಲ್ಲಿ ಈ ನಾಲ್ಕನ್ನು ಬರೆದಿಟ್ಟುಕೊಂಡರೆ ಸಾಕು:

1. ನಾನು ಹೇಳುತ್ತಿರುವುದು ಯಾರ ಕಣ್ಣಿನಿಂದ? ಸೇನಾಪತಿಯೋ, ಸೈನಿಕನೋ, ಊರಿನವರೋ?

2. ನಾನು ಆಧರಿಸಿದ ಪುಸ್ತಕ ಬಂದದ್ದು ಯಾವಾಗ, ಆಗ ಅದನ್ನು ಬರೆದವರ ದೇಶದಲ್ಲಿ ಏನು ನಡೆಯುತ್ತಿತ್ತು?

3. ಈ ಪಾಠದಲ್ಲಿ ಕಾಣದವರು ಯಾರು? ಅವರ ಬಗ್ಗೆ ಒಂದು ವಾಕ್ಯವಾದರೂ ಇದೆಯೇ?

4. "ನಮಗೆ ಹೇಗೆ ಗೊತ್ತು?" ಎಂದು ಒಬ್ಬರು ಕೇಳಿದರೆ ಏನು ಹೇಳುತ್ತೇನೆ?

ನಾಲ್ಕನೆಯದಕ್ಕೆ "ಪುಸ್ತಕದಲ್ಲಿದೆ" ಎಂಬುದು ಉತ್ತರವಲ್ಲ. "ಸರಿಯಾಗಿ ಗೊತ್ತಿಲ್ಲ, ಗೊತ್ತಿರುವಷ್ಟು ತಿಳಿದದ್ದು ಹೀಗೆ" ಎಂಬುದು ಉತ್ತರ. ಅಷ್ಟು ಹೇಳಲು ನನಗೆ ಎರಡು ತಿಂಗಳು ಮತ್ತು ಬೇರೆ ದೇಶದ ಹುಡುಗನೊಬ್ಬ ಓದಿ ಮುಗಿಸಿದ ಒಂದು ಪುಸ್ತಕ ಬೇಕಾಯಿತು. ನಮ್ಮ ಮಕ್ಕಳ ಕೈಗೆ ಕನ್ನಡದಲ್ಲೇ ಕೊಡಬಹುದಾದ, ಕೊನೆಯ ಪುಟಗಳಲ್ಲಿ ಆಧಾರಗಳ ಪಟ್ಟಿ ಇರುವ ಇಂಥ ಪುಸ್ತಕಗಳು ಇನ್ನೂ ಹೆಚ್ಚು ಬರಬೇಕು. ಅಲ್ಲಿಯವರೆಗೆ ಚೀಟಿಗಳನ್ನು ನಾವೇ ಬರೆಯಬೇಕು, ಈ ಸಲ ನಾನು ಬರೆದದ್ದಕ್ಕಿಂತ ಸ್ವಲ್ಪ ಚಿಕ್ಕದಾಗಿ.